ಸೊನ್ನೆ ತಾಕು

ಒಂದು ಕೈಯಲ್ಲಿ ನಾನು ಐನೂರು ಜನರನ್ನು ತಡೆದು ನಿಲ್ಲಿಸಿದ್ದೆ; ಇನ್ನೊಂದು ಕೈಯಲ್ಲಿ ನಮ್ಮ ಭಾವನ ಬೂದಿ ತುಂಬಿದ ಮಡಕೆಯನ್ನು ತಲೆಗಿಂತ ಎತ್ತರಕ್ಕೆ ಎತ್ತಿ ಹಿಡಿದಿದ್ದೆ. ಕೃಷಿ ಸಂಶೋಧನಾ ಕೇಂದ್ರದ ಡೈರೆಕ್ಟರು ಆ ಮಡಕೆಗಾಗಿ ಮೂರು ಸಲ ಹಾರಿದರು. ಆರಡಿ ಆಳು, ಪಾಪ, ಎಟುಕಲಿಲ್ಲ. "ಇನ್ನೊಂದು ಹೆಜ್ಜೆ ಮುಂದಿಟ್ಟೀರಿ, ಜೋಕೆ!" ಎಂದು ನಾನು ಗುಡುಗಿದ ದನಿಗೆ ಸುತ್ತಲಿನ ಗೋಧಿಯ ತೆನೆಗಳೆಲ್ಲ ಒಂದೇ ಕಡೆಗೆ ಬಾಗಿದವು. ಪಕ್ಕದ ಕೊಟ್ಟಿಗೆಯ ಹಸುಗಳು ಬಾಯಲ್ಲಿದ್ದ ಮೇವನ್ನು ಅಲ್ಲೇ ಬಿಟ್ಟು ನಿಂತವು. ಒಂದು ವಾರ ಹಾಲು ಕೊಡಲಿಲ್ಲವಂತೆ. ಅವತ್ತು ನಾನೊಬ್ಬ ಇಲ್ಲದೇ ಹೋಗಿದ್ದರೆ, ನಮ್ಮ ಭಾವ ಜೀವಮಾನವಿಡೀ ಕಾಪಾಡಿದ ಸೊನ್ನೆ ತಾಕು ಅವರ ಬೂದಿಯಿಂದಲೇ ಹಾಳಾಗಿ ಹೋಗುತ್ತಿತ್ತು.

ನಂಬುವುದು ಬಿಡುವುದು ನಿಮ್ಮ ಹಣೆಬರಹ. ಅಕ್ಕ ಕನ್ನಡಕ ರಿಪೇರಿ ಮಾಡಿಸಲು ಪೇಟೆಗೆ ಹೋಗಿದ್ದಾಳೆ. ಅವಳ ಊಟದ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ಅವಳು ಬರುವುದರೊಳಗೆ ಮುಗಿಸಬೇಕು.

ಸೊನ್ನೆ ತಾಕು ಅಂದರೇನು ಎಂದು ಮೊದಲು ಹೇಳಿಬಿಡುತ್ತೇನೆ. ಸಂಶೋಧನಾ ಕೇಂದ್ರದ ಹಿಂಭಾಗದಲ್ಲಿ, ನೀರಿನ ಟ್ಯಾಂಕಿನಾಚೆ, ಸಾಲಾಗಿ ಚೌಕಚೌಕವಾದ ತಾಕುಗಳಿವೆ. ಎಲ್ಲದರಲ್ಲೂ ಒಂದೇ ಬೆಳೆ, ಒಂದೇ ಬೀಜ, ಒಂದೇ ನೀರು. ಒಂದಕ್ಕೆ ಸಗಣಿ ಗೊಬ್ಬರ, ಇನ್ನೊಂದಕ್ಕೆ ಚೀಲದ ಗೊಬ್ಬರ, ಮತ್ತೊಂದಕ್ಕೆ ಎರಡೂ ಅರ್ಧರ್ಧ. ಸಾಲಿನ ಕೊನೆಯ ತಾಕಿಗೆ ಮಾತ್ರ ಏನೂ ಇಲ್ಲ. ಏನೂ ಅಂದರೆ ಏನೂ ಇಲ್ಲ. ಬಿತ್ತುತ್ತಾರೆ, ಕೊಯ್ಯುತ್ತಾರೆ, ತೂಗುತ್ತಾರೆ, ಅಷ್ಟೇ. ಭಾವ ಹುಟ್ಟುವುದಕ್ಕೆ ಮೊದಲಿನಿಂದಲೂ ಆ ಮಣ್ಣು ಒಂದು ಹಿಡಿ ಗೊಬ್ಬರದ ಮುಖ ಕಂಡಿಲ್ಲ. ಹಾಕಿದ್ದರಿಂದ ಎಷ್ಟು ಹೆಚ್ಚಾಯಿತು ಎಂದು ತಿಳಿಯಬೇಕಾದರೆ ಹಾಕದೇ ಇರುವ ಒಂದು ಜಾಗ ಬೇಕಲ್ಲ, ಅದಕ್ಕೆ.

ಆ ಜಾಗದಲ್ಲಿ ಏನೂ ಆಗದಂತೆ ನೋಡಿಕೊಳ್ಳುವುದೇ ನಮ್ಮ ಭಾವನ ಉದ್ಯೋಗ. ಜೊತೆಗೆ ಸೇರಿದವರು ಹೊಸ ತಳಿ ಕಂಡುಹಿಡಿದು ಹಾರ ಹಾಕಿಸಿಕೊಂಡರು. ಭಾವ ಸೊನ್ನೆ ತಾಕಿನ ಬದುವಿನ ಮೇಲೆ ಕೂತು ಕಾಗೆ ಓಡಿಸಿದರು. ಬೆನ್ನ ಹಿಂದೆ ಎಲ್ಲರೂ ಅವರನ್ನು 'ಸೊನ್ನೆ ಮೇಷ್ಟ್ರು' ಅನ್ನುತ್ತಿದ್ದರು. ಅಕ್ಕ ಆ ತಾಕನ್ನು ಅವರ ಮುಖದ ಮುಂದೆಯೇ 'ನನ್ನ ಸವತಿ' ಅನ್ನುತ್ತಿದ್ದಳು. ಇಷ್ಟು ವರ್ಷದಲ್ಲಿ ಒಂದು ಸಲವೂ ಆ ಕಡೆ ಕಾಲಿಟ್ಟಿರಲಿಲ್ಲ.

*

ಅವತ್ತು ಬೆಳಿಗ್ಗೆ ಅಕ್ಕನ ಮನೆಯ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಭಾವನನ್ನು ಗೋಡೆಯ ಪಕ್ಕಕ್ಕೆ ಮಲಗಿಸಿದ್ದರು. ನಿದ್ದೆಯಲ್ಲೇ ಹೋಗಿದ್ದರು, ಯಾರಿಗೂ ತೊಂದರೆ ಕೊಡದೆ, ಯಾರಿಗೂ ಹೇಳದೆ.

"ಹೇಳಿ ಮಾಡಿದ ಕೆಲಸ ಅವರದ್ದು ಯಾವುದಿದೆ ಹೇಳಿ ನೋಡೋಣ?" ಎಂದು ಅಕ್ಕ ಬಂದವರನ್ನೆಲ್ಲ ಕೇಳುತ್ತಿದ್ದಳು. ಅವಳಿಗೆ ಅಳು ಇನ್ನೂ ಬಂದಿರಲಿಲ್ಲ. ಸಿಟ್ಟು ಮಾತ್ರ ಬಂದು ಕೂತಿತ್ತು.

ಡೈರೆಕ್ಟರು ಒಂದು ಹೂವಿನ ಚಕ್ರ ತಂದರು. ಲಾರಿಯ ಗಾಲಿಯಷ್ಟಿತ್ತು. ಬಾಗಿಲು ಚೌಕಟ್ಟಿನ ಸಮೇತ ಕಿತ್ತು ಒಳಗೆ ತರಬೇಕಾಯಿತು. ಅವರು ಈ ಕೇಂದ್ರಕ್ಕೆ ಬಂದು ಆರು ತಿಂಗಳಾಗಿತ್ತಷ್ಟೇ. ಅದಕ್ಕೆ ಮೊದಲು ಮೀನುಗಾರಿಕೆಯಲ್ಲಿದ್ದವರು. ಮನುಷ್ಯ ಕೆಟ್ಟವರಲ್ಲ. ಒಳ್ಳೆಯದು ಮಾಡಲು ಹೊರಟರೆ ಅವರನ್ನು ಹಿಡಿಯುವುದು ಕಷ್ಟ.

"ಮೇಡಂ, ಅವರ ಗೌರವಾರ್ಥ ಇವತ್ತು ಕೇಂದ್ರಕ್ಕೆ ರಜಾ ಕೊಟ್ಟಿದ್ದೀನಿ."

"ಅವರು ಭಾನುವಾರವೂ ರಜಾ ತಗೊಂಡವರಲ್ಲ," ಅಂದಳು ಅಕ್ಕ.

"ಅದಕ್ಕೇ ಮೇಡಂ, ಅದಕ್ಕೇ!" ಡೈರೆಕ್ಟರ ಕಣ್ಣಲ್ಲಿ ನೀರು ಬಂತು. "ಇನ್ನೊಂದು ವಿಷಯ. ಅವರ ಬೂದೀನ ಅವರು ಅಷ್ಟು ಪ್ರೀತಿಸಿದ ಮಣ್ಣಿಗೇ ಸೇರಿಸೋದು ಅಂತ ತೀರ್ಮಾನ ಮಾಡಿದ್ದೀವಿ. ಸೊನ್ನೆ ತಾಕಿಗೆ. ಸಂಜೆ ಫೋಟೋದವನಿಗೂ ಬರೋಕೆ ಹೇಳಾಗಿದೆ."

ಬಾಗಿಲ ಬಳಿ ಚಹಾ ಕೊಡುತ್ತಿದ್ದ ತಕ್ಕಡಿಯ ಕೈಯಿಂದ ಲೋಟ ಜಾರಿತು. ತಕ್ಕಡಿ ಅಂದರೆ ಭಾವನ ಕೊನೆಯ ಶಿಷ್ಯೆ. ತೂಕ ಹಾಕದೆ ಮಾತೂ ಆಡದ ಹುಡುಗಿ ಎಂದು ಭಾವನೇ ಇಟ್ಟ ಹೆಸರು. ಇನ್ನು ಮುಂದೆ ಆ ತಾಕುಗಳೆಲ್ಲ ಅವಳ ಸುಪರ್ದಿಗೆ.

"ಸರ್, ಸೊನ್ನೆ ತಾಕಿಗೆ ಏನೂ ಹಾಕಬಾರದು ಸರ್."

"ಏನೂ ಹಾಕ್ತಾ ಇಲ್ಲಮ್ಮ. ಅವರನ್ನೇ ತಾನೇ ಹಾಕ್ತಾ ಇರೋದು."

"ಸರ್, ಅದು..."

"ಎಂಥಾ ಯೋಚನೆ ರೀ!" ಎಂದು ಭಾವನ ಅಣ್ಣ, ವಕೀಲರು, ಮಧ್ಯೆ ಬಾಯಿ ಹಾಕಿದರು. "ಹಾಗೇ ಒಂದು ಕಲ್ಲೂ ನಿಲ್ಲಿಸಿಬಿಡಿ. ತಾಕಿನ ನಟ್ಟನಡುವೆ. ಹೆಸರು ನಾನು ಕೆತ್ತಿಸ್ತೀನಿ."

ತಕ್ಕಡಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. ಎಲ್ಲರೂ ಅಕ್ಕನ ಮುಖ ನೋಡಿದರು.

"ಹಾಕ್ಕೊಳ್ಳಿ," ಅಂದಳು ಅಕ್ಕ. "ಬದುಕಿದ್ದಾಗಲೂ ಅಲ್ಲೇ ಬಿದ್ದಿದ್ದವರು. ಈಗ ಮನೇಲಿಟ್ಟುಕೊಂಡು ನಾನೇನು ಮಾಡಲಿ? ಸವತೀನೇ ನೋಡ್ಕೊಳ್ಳಲಿ."

*

ಅಕ್ಕನ ಸಿಟ್ಟಿಗೆ ಕಾರಣವಿಲ್ಲವೆಂದಲ್ಲ. ಮದುವೆಯ ದಿನ ಬೆಳಿಗ್ಗೆ ಗಂಡೇ ನಾಪತ್ತೆ. ನೆಂಟರೆಲ್ಲ ಕುರ್ಚಿಯಲ್ಲಿ ಕೂತು ಬಾಗಿಲು ನೋಡುತ್ತಿದ್ದರು. ಹುಡುಕಿಕೊಂಡು ನಾನೇ ಓಡಿದೆ. ದಾರಿಯಲ್ಲಿ ಎರಡು ಬಸ್ಸುಗಳನ್ನು ಹಿಂದೆ ಹಾಕಿದೆ. ನೋಡಿದರೆ ಭಾವ ಮದುವೆಯ ಬಟ್ಟೆಯಲ್ಲೇ ಸೊನ್ನೆ ತಾಕಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಕೊಟ್ಟಿಗೆಯಿಂದ ತಪ್ಪಿಸಿಕೊಂಡ ಒಂದು ಎಮ್ಮೆ ಬೇಲಿ ಹಾರಿ ಬಂದು, ಅಷ್ಟು ದೊಡ್ಡ ಕೇಂದ್ರದಲ್ಲಿ ಬೇರೆಲ್ಲೂ ಜಾಗ ಸಿಗದೆ, ಸರಿಯಾಗಿ ಅಲ್ಲೇ ಸಗಣಿ ಹಾಕಿ ಹೋಗಿತ್ತು.

ಭಾವ ಅದನ್ನು ಚಮಚದಲ್ಲಿ ತೆಗೆಯುತ್ತಿದ್ದರು.

"ಸಲಿಕೆ ತರಲಾ ಭಾವ?" ಅಂದೆ.

"ಸಲಿಕೇಲಿ ಮಣ್ಣೂ ಬರುತ್ತಪ್ಪ. ಸಗಣಿ ಅಷ್ಟೇ ಬರಬೇಕು," ಅಂದರು. ಆಮೇಲೆ ಕತ್ತೆತ್ತಿ, "ಇನ್ನೊಂದು ಚಮಚ ಸಿಗುತ್ತಾ? ಇಬ್ಬರಾದ್ರೆ ಬೇಗ ಆಗುತ್ತೆ. ಮದುವೆಗೆ ಹೊತ್ತಾಯ್ತು ಅನ್ಸುತ್ತೆ," ಅಂದರು.

ಮದುವೆಗೆ ಹೊತ್ತಾಗಿ ಯುಗವೇ ಕಳೆದಿತ್ತು. ಪಕ್ಕದಲ್ಲಿ ಬಂದು ನಿಂತ ಗಂಡನಿಗೆ ಅಕ್ಕ ಆಡಿದ ಮೊದಲ ಮಾತು, "ಏನ್ರೀ ಇದು ವಾಸನೆ?" ಮದುವೆಯ ಫೋಟೋಗಳಲ್ಲಿ ಅವಳು ಮುಖ ತಿರುಗಿಸಿರುವುದನ್ನು ನೋಡಿ ಜನ ನಾಚಿಕೆ ಅಂದುಕೊಂಡಿದ್ದಾರೆ.

*

ವಿದ್ಯುತ್ ಚಿತಾಗಾರದ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಯ ಮೇಲೆ ಕರಕರ ಅನ್ನುವ ಒಂದು ಫ್ಯಾನು. ಬೂದಿಗಾಗಿ ಕಾಯುತ್ತಿದ್ದೆವು. ವಕೀಲರು ಕಲ್ಲಿನ ಬಣ್ಣ ಯಾವುದಿರಬೇಕೆಂದು ಡೈರೆಕ್ಟರ ಜೊತೆ ಚರ್ಚೆ ನಡೆಸಿದ್ದರು. ತಕ್ಕಡಿ ಬಂದು ಅಕ್ಕನ ಪಕ್ಕದಲ್ಲಿ ಕೂತಳು.

"ಅಮ್ಮ, ಒಂದು ಮಾತು. ಬೈಬೇಡಿ."

"ಬೈಯಲ್ಲ. ಶಕ್ತಿ ಇಲ್ಲ."

"ಬೂದೀಲಿ ರಂಜಕ ಇರುತ್ತೆ ಅಮ್ಮ. ಸುಣ್ಣ ಇರುತ್ತೆ. ಪೊಟ್ಯಾಷ್ ಇರುತ್ತೆ."

"ಅಂದ್ರೆ?"

"ಅಂದ್ರೆ..." ಹುಡುಗಿ ತೂಕ ಹಾಕಿ ನೋಡಿದಳು, ಬೇರೆ ಪದ ಸಿಗಲಿಲ್ಲ. "ಸರ್ ಈಗ ಗೊಬ್ಬರ ಅಮ್ಮ." ಅಂದವಳೇ ಬಿಕ್ಕಿ ಬಿಕ್ಕಿ ಅಳತೊಡಗಿದಳು.

"ಹೋಗಲಿ, ಈಗಲಾದರೂ ಉಪಯೋಗಕ್ಕೆ ಬಂದರಲ್ಲ," ಎಂದು ಅಕ್ಕ ತನ್ನ ಕರವಸ್ತ್ರವನ್ನೇ ಅವಳಿಗೆ ಕೊಟ್ಟಳು.

"ತಮಾಷೆ ಅಲ್ಲ ಅಮ್ಮ. ಒಂದು ಸಲ ಬಿದ್ದರೆ ವಾಪಸ್ ತೆಗೆಯೋಕಾಗಲ್ಲ. ಮುಂದಿನ ವರ್ಷ ಅಲ್ಲಿ ಗೋಧಿ ಚೆನ್ನಾಗಿ ಬರುತ್ತೆ. ಚೆನ್ನಾಗಿ ಬಂತೋ, ಮುಗೀತು. ಉಳಿದ ತಾಕುಗಳನ್ನ ಯಾವುದಕ್ಕೆ ಹೋಲಿಸೋದು? ರೈತರು ಬಂದು, ಇಷ್ಟು ಗೊಬ್ಬರ ಸುರೀಬೇಕಾ, ಕಡಿಮೆ ಸಾಕಾ ಅಂತ ಕೇಳಿದ್ರೆ ಏನು ಹೇಳೋದು? ಅಷ್ಟು ಹಳೇ ಸೊನ್ನೆ ತಾಕು ಮತ್ತೆ ಮಾಡೋಕೆ ನನ್ನ ಮೊಮ್ಮಕ್ಕಳ ಕಾಲ ಬೇಕು. ಸರ್ ಮಾಡಿದ್ದನ್ನೆಲ್ಲ ಸರ್ ಬೂದೀನೇ ಅಳಿಸಿಹಾಕುತ್ತೆ."

"ನಿಮ್ಮ ಡೈರೆಕ್ಟರಿಗೆ ಹೇಳು."

"ಹೇಳ್ದೆ. ವಿಜ್ಞಾನಕ್ಕಿಂತ ಭಾವನೆ ದೊಡ್ಡದಮ್ಮ ಅಂದ್ರು. ನೀವು ಬೇಡ ಅಂದ್ರೆ ಮಾತ್ರ ನಿಲ್ಲಿಸ್ತಾರೆ."

ಅಕ್ಕ ಎದ್ದು ನಿಂತಳು. "ನೋಡೇ, ನನ್ನ ಹತ್ರ ಆ ತಾಕಿನ ಮಾತು ಎತ್ತಬೇಡ. ಮೂರು ಹೊತ್ತೂ ಅದನ್ನೇ ಕೇಳಿ ಕೇಳಿ ಕಿವಿ ತೂತಾಗಿದೆ. ಇವತ್ತೊಂದು ದಿನ ನನ್ನ ಗಂಡ ನನ್ನ ಗಂಡ ಆಗಿರಲಿ. ಸಾಕಾಗಿದೆ ನಂಗೆ."

ಅಷ್ಟರಲ್ಲಿ ಒಳಗಿನಿಂದ ಮಡಕೆ ಬಂತು.

*

ಭಾವ ಪ್ರತಿ ಸಂಜೆ ಮನೆಯ ಹೊಸ್ತಿಲಾಚೆ ನಿಂತುಬಿಡುತ್ತಿದ್ದರು. ತಾಕಿಗೆ ಬೇರೆಯದೇ ಗಂಬೂಟು. ಅದು ಅಲ್ಲೇ ಬದುವಿನ ಮೇಲೆ ಒಂದು ತಗಡಿನ ಪೆಟ್ಟಿಗೆಯಲ್ಲಿರುತ್ತಿತ್ತು. ಹೊರಗಿನ ಚಪ್ಪಲಿಯಲ್ಲಿ ಯಾರಾದರೂ ಬದು ದಾಟಲು ಹೋದರೆ, "ಚಪ್ಪಲಿ!" ಎಂದು ಅವರು ಕೂಗಿದ ಕೂಗು ಮೂರು ಊರಿಗೆ ಕೇಳಿಸುತ್ತಿತ್ತು. ಅಷ್ಟಾದರೂ ಪ್ಯಾಂಟಿನ ಮಡಿಕೆಯಲ್ಲಿ ಚೂರುಪಾರು ಮಣ್ಣು ಕೂತು ಮನೆಗೆ ಬರುತ್ತಿತ್ತು. ಹೊಸ್ತಿಲಾಚೆ ಕಾಗದ ಹಾಸಿ, ಮಡಿಕೆ ಬಿಚ್ಚಿ ಕೊಡವಿ, ಪೊಟ್ಟಣ ಕಟ್ಟಿ, ಮರುದಿನ ವಾಪಸು ಒಯ್ಯುತ್ತಿದ್ದರು. "ಅಲ್ಲಿನದು ಅಲ್ಲಿಗೇ" ಅನ್ನುತ್ತಿದ್ದರು.

ಅಡುಗೆಮನೆಯ ಹಿಂದೆ ಅಕ್ಕ ನೆಟ್ಟ ಒಂದು ನಿಂಬೆಗಿಡವಿತ್ತು. ಹಳದಿ ಎಲೆ, ಮುಳ್ಳು, ಅಷ್ಟೇ. ಕಾಯಿ ಕಂಡವರಿಲ್ಲ.

"ರೀ, ಗೊಬ್ಬರದ ಮೇಲೆ ಅಷ್ಟುದ್ದ ಬರೀತೀರಲ್ಲ, ನನ್ನ ಗಿಡಕ್ಕೆ ಒಂದು ಹಿಡಿ ಹಾಕಬಾರದಾ?"

"ಕೈಗೆ ಅಂಟುತ್ತೆ ಕಣೇ. ಬೆಳಿಗ್ಗೆ ತಾಕಿಗೆ ಹೋಗಬೇಕು."

"ತೊಳ್ಕೊಳ್ಳಿ!"

"ಉಗುರ ಸಂದೀಲಿ ಉಳಿಯುತ್ತೆ."

"ಸರಿ, ನಾನೇ ಹಾಕ್ತೀನಿ."

"ಅದೇ ಕೈಯಲ್ಲಿ ನನ್ನ ಪ್ಯಾಂಟು ಮಡಚ್ತೀಯಲ್ಲೇ!"

ಹೀಗೆ ಆ ಮನೆಯಲ್ಲೂ ಒಂದು ಸೊನ್ನೆ ತಾಕು ಆಯಿತು. ಒಮ್ಮೆ ರೋಸಿಹೋಗಿ ಅಕ್ಕ ಆ ಮಣ್ಣಿನ ಪೊಟ್ಟಣವನ್ನು ಕಸದ ಬುಟ್ಟಿಗೆ ಎಸೆದಳು. ಭಾವ ಜಗಳವಾಡಲಿಲ್ಲ. ಬುಟ್ಟಿಯನ್ನು ಹಜಾರಕ್ಕೆ ತಂದು ಸುರುವಿ, ಚಹಾಪುಡಿಯ ಚರಟದ ನಡುವಿನಿಂದ ಮಣ್ಣಿನ ಕಣಗಳನ್ನು ಒಂದೊಂದಾಗಿ ಹೆಕ್ಕಲು ಕೂತರು. ಕರೆಂಟು ಹೋಯಿತು. ಅಕ್ಕ ಅವರ ವಂಶವನ್ನೆಲ್ಲ ಬೈಯುತ್ತ, ಬೈಯುತ್ತಲೇ ಟಾರ್ಚು ತಂದು ಅವರ ಕೈಯ ಹತ್ತಿರಕ್ಕೆ ಹಿಡಿದು ಕೂತಳು.

*

ಸಂಜೆ ಕೇಂದ್ರಕ್ಕೆ ಹೋದರೆ ಗೇಟಿಗೆ ಬೀಗ. ಕಾವಲಿನವನಿಗೂ ರಜಾ, ಭಾವನ ಗೌರವಾರ್ಥ. ಡೈರೆಕ್ಟರು ತಮ್ಮದೇ ಕೇಂದ್ರದ ಗೇಟನ್ನು ಹಿಡಿದು ಅಲುಗಾಡಿಸಿದರು. ಫೋನು ಮಾಡಿದರು, ರಜಾ ಸಿಕ್ಕಿದವನು ಫೋನು ಯಾಕೆ ಎತ್ತುತ್ತಾನೆ? "ನಾನು ಮೀನಿನ ಇಲಾಖೇಲೇ ಇರಬೇಕಿತ್ತು" ಎಂದು ಗೊಣಗಿದರು. ಕಡೆಗೆ ಕೊಟ್ಟಿಗೆಯ ಹಿಂದಿನ ಮುರುಕು ಬೇಲಿಯಲ್ಲಿ ಒಬ್ಬೊಬ್ಬರಾಗಿ ನುಸುಳಿದೆವು. ಬೇಲಿಗೆ ವಕೀಲರ ಕೋಟಿನ ಹಿಂಭಾಗ ಸಿಕ್ಕಿ ಹರಿಯಿತು. ತಕ್ಕಡಿ ಯಾರ ಮುಖವನ್ನೂ ನೋಡದೆ ಮುಂದೆ ನಡೆದಳು.

ಸಾಲಿನ ತಾಕುಗಳಲ್ಲಿ ಗೋಧಿ ಸೊಂಟದವರೆಗೆ ದಟ್ಟವಾಗಿ ನಿಂತಿತ್ತು. ಕೊನೆಯ ತಾಕಿನಲ್ಲಿ ಮಾತ್ರ ಮೊಣಕಾಲೂ ಮುಟ್ಟದ, ಬೋಳುತಲೆಯ ಕೂದಲಿನಂತೆ ಬಿಡಿಬಿಡಿಯಾದ ಗೋಧಿ. ಒಂದೊಂದಕ್ಕೂ ಬೆರಳಿನ ತುದಿಯಷ್ಟೇ ತೆನೆ. ಅಕ್ಕ ಮೊಟ್ಟಮೊದಲ ಸಲ ಸವತಿಯ ಮುಂದೆ ನಿಂತಿದ್ದಳು.

"ಇಷ್ಟೇನಾ?" ಅಂದಳು.

ಅಷ್ಟರಲ್ಲಿ ಡೈರೆಕ್ಟರು ಎಲ್ಲರ ಕೈಗೂ ಹೂವಿನ ಪಕಳೆ ಹಂಚಿದ್ದರು. "ಒಬ್ಬೊಬ್ಬರೂ ಒಂದೊಂದು ಹಿಡಿ" ಅಂದದ್ದೇ ತಡ, ತಕ್ಕಡಿ "ಬೇಡ, ಬೇಡ" ಅನ್ನುತ್ತಿರುವಂತೆಯೇ ಪಕಳೆಗಳು ತಾಕಿನೊಳಗೆ ಹಾರಿದವು. ಫೋಟೋದವನು ಕ್ಯಾಮೆರಾ ಎತ್ತಿದ. ಡೈರೆಕ್ಟರು ಮಡಕೆಯನ್ನು ಎದೆಗವಚಿಕೊಂಡು, ಬದು ದಾಟಲು ಬಲಗಾಲು ಎತ್ತಿದರು.

ಆಗ ನಾನು ಐನೂರು ಜನರ ಗುಂಪನ್ನು ಸೀಳಿಕೊಂಡು ಮುಂದೆ ನುಗ್ಗಿ, ಒಂದೇ ಏಟಿಗೆ ಮಡಕೆಯನ್ನು

*

"ಏನೋ ಅದು, ಐನೂರು ಜನ?"

ಅಕ್ಕ ಯಾವಾಗ ಬಂದಳೋ ಗೊತ್ತಿಲ್ಲ. ರಿಪೇರಿಯಾದ ಕನ್ನಡಕ ಹಾಕಿಕೊಂಡು ನನ್ನ ಬೆನ್ನ ಹಿಂದೆ ನಿಂತು ಓದುತ್ತಿದ್ದಾಳೆ.

"ಸುಮಾರು," ಅಂದೆ.

"ಸುಮಾರು ಎಷ್ಟು?"

"ಹದಿಮೂರು."

"ಫೋಟೋದವನನ್ನ ಸೇರಿಸಿಯಾ, ಬಿಟ್ಟಾ?"

"ಸೇರಿಸಿ."

"ಬಾಗಿಲು ಕಿತ್ತಿದ್ದು ಯಾವಾಗಪ್ಪ? ನನ್ನ ಮನೆ ಬಾಗಿಲು, ನನಗೇ ಗೊತ್ತಿಲ್ಲ. ಎರಡು ಬಸ್ಸು ಹಿಂದೆ ಹಾಕಿದನಂತೆ! ಮದುವೆ ದಿನ ಯಾರದ್ದೋ ಸೈಕಲ್ ಮೇಲೆ ಹೋಗಿ ಬಿದ್ದು ಬಂದವನು. ಸರಿ, ಗುಡುಗಿದ್ದು ಯಾರು?"

ನಾನು ಲೇಖನಿ ಕೆಳಗಿಟ್ಟೆ. "ನೀನು."

"ಬರಿ ಹಾಗಂತ. ಬರೆದು ಸಾಯಿ."

ಬರೆಯುತ್ತಿದ್ದೇನೆ.

ಡೈರೆಕ್ಟರು ಕಾಲು ಎತ್ತಿದ್ದೇ "ಚಪ್ಪಲಿ!" ಎಂದು ಒಂದು ದನಿ ಕೇಳಿತು. ಎಲ್ಲರೂ ಬೆಚ್ಚಿಬಿದ್ದೆವು, ಒಂದು ಗಳಿಗೆ ನನಗೆ ಮಡಕೆಯೊಳಗಿಂದಲೇ ಭಾವ ಕೂಗಿದಂತಾಯಿತು. ಕೂಗಿದ್ದು ಅಕ್ಕ. ಕೂಗಿದ ಮೇಲೆ ಅವಳಿಗೇ ಆಶ್ಚರ್ಯವಾಗಿ ಬಾಯಿ ಮೇಲೆ ಕೈ ಹೋಯಿತು. ಡೈರೆಕ್ಟರು ಕೊಕ್ಕರೆಯಂತೆ ಒಂದೇ ಕಾಲಲ್ಲಿ ನಿಂತುಬಿಟ್ಟರು.

"ಕಾಲು ಹಿಂದಕ್ಕೆ ತಗೊಳ್ಳಿ," ಅಂದಳು ಅಕ್ಕ. "ಮಡಕೆ ಇಲ್ಲಿ ಕೊಡಿ."

"ಮೇಡಂ, ಬೆಳಿಗ್ಗೆ ನೀವೇ ಒಪ್ಪಿದ್ರಿ..."

"ಒಪ್ಪಿದ್ದೆ. ಈಗ ಇಲ್ಲ. ಏನ್ರೀ, ಆಟಾನಾ ಇದು? ನನ್ನ ಮದುವೆ ದಿನ ಇದಕ್ಕೆ ಹೋಯ್ತು. ನನ್ನ ಭಾನುವಾರ ಎಲ್ಲಾ ಇದಕ್ಕೆ ಹೋಯ್ತು. ಒಂದು ಗಿಡಕ್ಕೆ ಗೊಬ್ಬರ ಹಾಕದೆ, ಮನೆಗೆ ಬಂದವರ ಕಾಲೆಲ್ಲ ನೋಡಿಕೊಂಡು ಬದುಕಿದ್ದೀನಿ. ಅವರು ಹಾಕಲಿಲ್ಲ, ನಾನೂ ಹಾಕಲಿಲ್ಲ. ನಮ್ಮಿಬ್ಬರ ಸಂಸಾರದಲ್ಲಿ ನೆಟ್ಟಗೆ ನಡೆದಿದ್ದು ಇದೊಂದೇ. ಅದನ್ನ ನೀವು ಫೋಟೋಗೆ ನಿಂತು ಒಂದು ಮಡಕೇಲಿ ಮುಗಿಸ್ತೀರಾ?"

"ಹಾಗಾದ್ರೆ ಪಕ್ಕದ ತಾಕಿಗೆ?" ಅಂದರು ಡೈರೆಕ್ಟರು, ಅಳುವ ದನಿಯಲ್ಲಿ.

"ಅದೂ ಕೆಡುತ್ತೆ ಸರ್," ಅಂದಳು ತಕ್ಕಡಿ.

"ಮತ್ತೆಲ್ಲಿ ಹಾಕೋದಮ್ಮ ಇವರನ್ನ?"

"ನನ್ನ ನಿಂಬೆಗಿಡಕ್ಕೆ," ಅಂದಳು ಅಕ್ಕ. "ಈಗ ಉಗುರ ಸಂದಿ ಅಂತ ನೆಪ ಹೇಳೋ ಹಾಗಿಲ್ಲ ಅವರು."

ಮಡಕೆಯನ್ನು ತಕ್ಕಡಿಯ ಕೈಗೆ ಕೊಟ್ಟಳು. "ಚಪ್ಪಲಿ ಹಿಡ್ಕೋ" ಎಂದು ನನ್ನ ಕೈಗೆ ತನ್ನ ಚಪ್ಪಲಿ ಕೊಟ್ಟಳು. ಬದುವಿನ ಮೇಲಿನ ತಗಡಿನ ಪೆಟ್ಟಿಗೆಯಿಂದ ಭಾವನ ಗಂಬೂಟು ತೆಗೆದು, ಕಾಲು ತೂರಿಸಿದಳು. ಅವಳ ಕಾಲು ಆ ಬೂಟಿನೊಳಗೆ ಬಾವಿಯೊಳಗಿನ ಬಿಂದಿಗೆಯಂತೆ ಅಲ್ಲಾಡುತ್ತಿತ್ತು. ಹಾಗೇ ಗಡಗಡ ಸದ್ದು ಮಾಡುತ್ತ ತಾಕಿನೊಳಗೆ ಇಳಿದಳು.

ಪಕಳೆಗಳನ್ನು ಒಂದೊಂದಾಗಿ ಹೆಕ್ಕತೊಡಗಿದಳು.

ಒಂದು ತೆನೆಯನ್ನೂ ತುಳಿಯಲಿಲ್ಲ. ಬಗ್ಗಿದವಳು ಮೇಲೇಳಲಿಲ್ಲ. ಬಾಯಲ್ಲಿ ಬೈಗುಳ ನಡೆದೇ ಇತ್ತು, ಭಾವನಿಗೋ ನಮಗೋ ಹೂವಿನವನಿಗೋ ತಿಳಿಯಲಿಲ್ಲ. ಕಣ್ಣಿಂದ ನೀರು ಇಳಿಯತೊಡಗಿದಾಗಲೂ ಬೈಗುಳ ನಿಲ್ಲಲಿಲ್ಲ. ಫೋಟೋದವನು ಕ್ಯಾಮೆರಾ ಇಳಿಸಿದ. ಡೈರೆಕ್ಟರು ಬದುವಿನ ಹೊರಗೆ ಮೊಣಕಾಲೂರಿ, ಕೈಗೆಟುಕುವಷ್ಟು ದೂರದ ಪಕಳೆಗಳನ್ನು ತಾವೂ ಹೆಕ್ಕಿ ಜೇಬಿಗೆ ಹಾಕಿಕೊಂಡರು.

"ನಿನ್ನ ಕೈಯಲ್ಲಿ ಏನಿತ್ತು ಅಂತ ಬರೆದ್ಯಾ?" ಎಂದು ಅಕ್ಕ ಈಗ ಕೇಳುತ್ತಿದ್ದಾಳೆ.

ಬರೆದೆ. ಒಂದು ಕೈಯಲ್ಲಿ ಅವಳ ಎಡಗಾಲಿನ ಚಪ್ಪಲಿ, ಇನ್ನೊಂದರಲ್ಲಿ ಬಲಗಾಲಿನದು. ಬಾಯಿಂದ ಒಂದು ಮಾತೂ ಹೊರಡಲಿಲ್ಲ. ತಾಕಿನಾಚೆ ಹಸುಗಳು ತಮ್ಮ ಪಾಡಿಗೆ ಮೇವು ತಿನ್ನುತ್ತಿದ್ದವು. ಕೊನೆಯ ಪಕಳೆ ಹೆಕ್ಕಿ ಆದ ಮೇಲೆ ಅಕ್ಕ ಬದುವಿನ ಅಂಚಿಗೆ ಬಂದು ಕೂತಳು. ತನ್ನ ಬಟ್ಟೆಯ ಅಂಚಿಗೆ ಮೆತ್ತಿದ್ದ ಮಣ್ಣನ್ನು ತಾಕಿನೊಳಕ್ಕೇ ಕೊಡವಿದಳು. ಗಂಬೂಟು ಕಳಚಿ ಒಂದಕ್ಕೊಂದು ಬಡಿದು, ಪೆಟ್ಟಿಗೆಯೊಳಗಿಟ್ಟಳು. ಆಮೇಲೆ ನನ್ನ ಕಡೆ ನೋಡದೆಯೇ, ಚಪ್ಪಲಿಗಾಗಿ ಕೈ ಚಾಚಿದಳು.